ಎಡಗೈ

ವಾಂತಾದ ಈ ಮನೆಗೆ ಎರಡೇ ವರ್ಷ.
ಮಲಗುವ ಕೋಣೆಯ ನೆಲ ಕೊರೆದು,
ಜ್ವರದ ಮಗುವಿನ ಕಂಕುಳಿಗೆ ಇಟ್ಟಂತೆ
ಕಾಂಕ್ರೀಟಿಗೆ ಅಳತೆಯ ಕಡ್ಡಿ ಇಟ್ಟು
ಕಾದು ಕೂತಿದ್ದಳು ತಪಾಸಣೆಯ ಹಿಲ್ಲೆವಿ.

"ತೊಂಬತ್ತಾರು."
"ಎಷ್ಟಿರಬೇಕಿತ್ತು?" ಕೇಳಿದಳು ನನ್ನ ಹೆಂಡತಿ ಸೈನಿ.
"ಎಂಬತ್ತೈದರ ಒಳಗೆ."
ನಾನು ಕಿಟಕಿಯಾಚೆಯ ಹಿಮ ನೋಡಿದೆ.

ಕಂಪನಿಯವರು ಮೊದಲೇ ಬಂದು ಹೋಗಿದ್ದರು:
ಒಳಗೆ ಬಟ್ಟೆ ಒಣಗಿಸುತ್ತೀರಿ, ಸ್ನಾನ ಬಹಳ ಹೊತ್ತು.
ಉಸಿರಾಡುವುದು ಜಾಸ್ತಿಯಾಯಿತು ಅನ್ನುವುದೊಂದು ಬಾಕಿ.
ಆ ಚಳಿಗಾಲವಿಡೀ ಸೈನಿ ಒದ್ದೆ ಟವೆಲುಗಳನ್ನು
ಬಸ್ಸಿನಲ್ಲಿ ತಂಗಿಯ ಮನೆಗೆ ಒಯ್ದು ಹರವಿ ಬಂದಳು.

ಹಾಸು ಸುಲಿದಾಗ
ಅಂಟು ಕರಗಿದ ಬೆಣ್ಣೆ. ಬೆಕ್ಕಿನ ಉಚ್ಚೆಯ ನಾತ.
ಅದರೊಳಗೆ ಇನ್ನೂ ಕರಣೆಯ ಹಲ್ಲಿನ ಗೆರೆ,
ಎಲ್ಲ ಎಡದಿಂದ ಬೀಸಿದ ಅರ್ಧಚಂದ್ರಗಳು.
ಎಡಚ ನಮ್ಮ ತಂಡದಲ್ಲಿ ಒಬ್ಬನೇ.

ಅಕ್ಟೋಬರ್. ಮೂರು ವಾರ ಬಿಡದ ಮಳೆ,
ಹೊದಿಸಲು ತಂದ ಪ್ಲಾಸ್ಟಿಕ್ ಸುರುಳಿ ಬಿಚ್ಚದೆ ಮೂಲೆಯಲ್ಲಿ.
"ಇನ್ನೂ ಹಸಿ ಇದೆ" ಅಂದಿದ್ದೆ, ಒಂದು ಸಲ.
"ಸೋಮವಾರ ಅಡುಗೆಮನೆಯ ಕಪಾಟು ಬರುತ್ತೆ" ಅಂದ ಮೇಸ್ತ್ರಿ.
ಹಸಿಗೋಡೆಯ ಹರಳಿನ ಹಾಗೆ ನೆಟ್ಟಿದೆ ಆ ಮಾತು.
ಎರಡನೇ ಸಲ ಅನ್ನಲಿಲ್ಲ. ಸವರಿದೆ.
ಆಮೇಲೆ ಕೆಲಸದವರಿಗೆ ರಿಯಾಯಿತಿ ಅಂದರು;
ಇದನ್ನೇ ಆರಿಸಿದೆವು, ಬೆಳಕು ಚೆನ್ನಾಗಿತ್ತು.

ಹಿಲ್ಲೆವಿ ಮಂಡಿಯೂರಿ ಗೆರೆಗಳ ಫೋಟೋ ತೆಗೆದಳು,
ಹತ್ತಿರದಿಂದ, ಮತ್ತೂ ಹತ್ತಿರದಿಂದ.
ಎದ್ದು, ವರದಿಗೆ ಸಹಿ ಬೇಕೆಂದು
ಪೆನ್ನು ಚಾಚಿದಳು.

ಬಲಗೈಯಲ್ಲಿ ತೆಗೆದುಕೊಂಡೆ.
ಸೈನಿ ನೋಡುತ್ತಿದ್ದಳು.