ತಡೀರಿ ಟೀಚರ್

ಪರೀಕ್ಷೆಗೆ ಇನ್ನ ಹನ್ನೊಂದೇ ದಿನ ಅಂತ
ಹೆಡ್‌ಮಾಸ್ತರು ಸಣ್ಣ ಸೂಟಿ ರದ್ದು ಮಾಡ್ಯಾರ.
ಗಂಟಿ ಹೊಡಿಯೋ ಸಲಾಕಿ ಕಪಾಟಿನ್ಯಾಗ,
ಕಪಾಟಿನ ಕೀಲಿ ಅವರ ಜೇಬಿನ್ಯಾಗ.

ಶಹಾಬಾದಿನ ಮಾರ್ಚು. ಹತ್ತೂವರಿಗೇ
ಕಿಟಕಿ ಸರಳು ಮುಟ್ಟಿದ್ರ ಸುಡ್ತದ.
ನಾಕನೇತ್ತೆ, ಮೂವತ್ತೆಂಟು ಮಂದಿ.
ನಾನು ಎಂಟರ ಮಗ್ಗಿ ಬರಿತೀನಿ,
ಬೆನ್ನ ಹಿಂದ ಯಾರೋ ಆಕಳಿಸ್ತಾರ,
ಆ ಆಕಳಿಕಿ ಬೆಂಚಿಂದ ಬೆಂಚಿಗೆ ದಾಟಿ
ನನ್ನ ಬಾಯಿಗೇ ಬರ್ತದ.

"ಎಂಟೇಳ್ಲೆ, ಸೈಬಣ್ಣ?"
ಎದ್ದು ನಿಂತ. ಕಣ್ಣು ನನ್ನ ಮ್ಯಾಲೇ.
ಕಣ್ಣಾಗ ಸೈಬಣ್ಣ ಇಲ್ಲ.
ಬೆಂಚಿನ ಕೆಳಗ ಒಂದು ಪಾದ ಮಾತ್ರ
ತನ್ನ ಪಾಡಿಗೆ ತಾನು ನೆಲ ಕುಟ್ಟಲತ್ತದ.

ನಮೂನೆಯೊಳಗ ಒಂದು ಕಾಲಂ: ಏಕಾಗ್ರತೆ.
ಅವನ ಹೆಸರಿನ ಮುಂದ ಹೋದ ವಾರ
"ಕಡಿಮೆ" ಅಂತ ಬರ್ದೀನಿ, ನೀಲಿ ಬಾಲ್‌ಪೆನ್ನಿಲೆ.

ಹೋಗ್ರಿ, ಅಂದೆ. ಹತ್ತೇ ನಿಮಿಷ. ಒದರಬ್ಯಾಡ್ರಿ.

ಒದರಿದ್ರು.

ಅಂಗಳಕ್ಕ ಹಾಸಿದ್ದು ನಮ್ಮೂರ ಗಣಿಯ ಪರಸಿನೇ,
ಕುಂಟಾಬಿಲ್ಲಿಗೆ ಗೆರಿ ಕೊರಿಯೋ ಕೆಲಸಿಲ್ಲ,
ಕಲ್ಲೇ ಚೌಕಾಗಿ ಬಿದ್ದದ.
ಜಗದೇವಿ ಒಂಟಿಗಾಲಿಲೆ ಏಳು ಮನಿ ದಾಟಿದಳು.
ಲಾಡ್ಲೇಸಾಬ ಬಿದ್ದ, ಮೊಣಕಾಲು ತರಚಿತು,
ಉಗುಳು ಹಚ್ಚಿ ಮತ್ತ ಓಡಿದ.
ತಸ್ಲೀಮಾ ಜಿಗಿಲಿಲ್ಲ. ನಳದ ಕಟ್ಟಿ ಮ್ಯಾಲ ಕುಂತು
ಎಲ್ಲರ ಚಪ್ಪಲಿ ಕಾದಳು;
ಆಕಿಗೆ ಅದೇ ಆಟ ಇರಬೇಕು, ನಾನು ಕೇಳಲಿಲ್ಲ.

ಬೇವಿನ ಬುಡಕ್ಕ ಸೈಬಣ್ಣ.
ಎಡಗೈ ನೆಲಕ್ಕೂರಿ
ನಡುಬೆರಳು ಬಿಲ್ಲಿನಂಗ ಬಾಗಿಸಿ
ಒಂದು ಹಸರು ಗೋಲಿ ಹಿಡಿದಾನ.
ಸುತ್ತ ಕೂಗು, ಧೂಳು, ಸಿಮೆಂಟಿನ ಲಾರಿ ಹಾರ್ನು.
ಅವನ ರೆಪ್ಪಿ ಸೈತ ಅಲುಗಲಿಲ್ಲ.
ಮೂಗಿನ ತುದಿಗೆ ಬೆವರ ಹನಿ ಬಂದು
ಬೀಳ್ಲೋ ಬ್ಯಾಡೋ ಅಂತ ನಿಂತಿತ್ತು.
ನಾನೂ ಉಸುರು ಹಿಡಿದೆ.

ಟಕ್.

ಒಳಗ ಬಂದ್ರು. ಗದ್ದದಿಂದ ನಳದ ನೀರು ತೊಟ್ಟಿಕ್ಕಲತ್ತಿತ್ತು,
ಮೂವತ್ತೆಂಟು ಎದಿ ಏರಿ ಇಳಿಯೋ ಸಪ್ಪಳ.
ಹೆಡ್‌ಮಾಸ್ತರು ಬಾಗಿಲದಾಗ ನಿಂತು
ಕೈಗಡಿಯಾರ ನೋಡಿ ಹೋದ್ರು.
ಅದರ ಮಾತು ಸಂಜಿಗೆ ಅದ.

"ಎಂಟೇಳ್ಲೆ?"
"ಐವತ್ನಾಕು."
ತಪ್ಪು. ಜಗದೇವಿ ಕೈ ಆಗಲೇ ಮ್ಯಾಲದ.
ನಾನು ಬಾಯಿ ತೆರೆದೆ.

"ತಡೀರಿ ಟೀಚರ್," ಅಂದ ಸೈಬಣ್ಣ,
ಹುಬ್ಬು ಗಂಟಿಕ್ಕಿ, ನಡುಬೆರಳು ಬಾಗಿಸಿ,
"ಹೇಳಬ್ಯಾಡ್ರಿ."