ಮತ್ತೊಮ್ಮೆ ಕೇಳಲು ಒಂಬತ್ತನ್ನು ಒತ್ತಿ

ಸಾಕಿನಾಕಾದ ಒಂದು ಗೋಡೌನಿನ ಮೇಲಂತಸ್ತು.
ಮೊಟ್ಟೆಯ ಟ್ರೇಯಂಥ ಸ್ಪಂಜು ಮೆತ್ತಿದ ಕೋಣೆ.
ಫ್ಯಾನು ನಿಲ್ಲಿಸಿದರು, ಬಳೆ ತೆಗೆಸಿದರು,
ಕೆಳಗಿನ ಟೈರಿನಂಗಡಿಯವನಿಗೆ ಚಹಾ ಕೊಡಿಸಿ
ಅರ್ಧ ತಾಸು ಸುಮ್ಮನಿರಿಸಿದರು.
ಸೊನ್ನೆಯಿಂದ ನೂರು. ಆಮೇಲೆ ಸಾವಿರ, ಲಕ್ಷ, ಕೋಟಿ.
ಪದಕ್ಕೆ ಹನ್ನೊಂದು ರೂಪಾಯಿ,
ಕೋಟಿಗೂ ಅಷ್ಟೇ, ಸೊನ್ನೆಗೂ ಅಷ್ಟೇ.

ಶುರುವೇ ತಪ್ಪಾಯಿತು.
ಚಡಚಣದ ಅಜ್ಜಿ ಜೋಳ ಅಳೆಯುವಾಗ
ಮೊದಲ ಸೇರಿಗೆ ಒಂದು ಅನ್ನುತ್ತಿರಲಿಲ್ಲ:
ಲಾಭ, ಎರಡು, ಮೂರು...
ನನ್ನ ಬಾಯಿಗೂ ಅದೇ ಬಂತು.
ಗಾಜಿನಾಚೆ ದರ್ಶಿಲ್ ಕೈಯೆತ್ತಿದ.
ಅವನಿಗೆ ಕನ್ನಡ ಬಾರದು, ಕಾಗದ ಬರುತ್ತದೆ.
"ಮ್ಯಾಡಮ್, ಬ್ಯಾಂಕಿಗೆ ಲಾಭ ಬೇಡ. ಒಂದು ಸಾಕು."

ಆಮೇಲೆ ಅವನು ನನ್ನಿಂದ ಊರನ್ನು ತೆಗೆದ,
ಮೂಲಂಗಿಯ ಮಣ್ಣು ತೊಳೆದ ಹಾಗೆ, ಒಂದೊಂದೇ ಪದ.
ಎಲ್ಲಿಯದೂ ಅಲ್ಲದ ಕನ್ನಡ ಬೇಕಂತೆ.
ನಗು ಕೇಳಿಸಬೇಕಂತೆ, ಹಲ್ಲು ಕೇಳಿಸಬಾರದಂತೆ.
ನಾಲ್ಕನೇ ಸಲಕ್ಕೆ ಸಿಕ್ಕಿತು ಆ ದನಿ,
ಯಾರ ಮನೆಯ ಸೊಸೆಯೂ ಅಲ್ಲದ ದನಿ.
ಸುಳ್ಳು ಹೇಳಲಾರೆ, ನನಗೇ ಇಷ್ಟವಾಯಿತು.

ಆ ವರ್ಷವೇ ನಾದಿನಿ ಘೋಡಬಂದರ್ ರಸ್ತೆಯಲ್ಲಿ
ಇಪ್ಪತ್ತೊಂದನೇ ಮಾಳಿಗೆ ಕೊಂಡಳು.
ಅರಿಶಿನ-ಕುಂಕುಮಕ್ಕೆ ಕರೆದು
ಮೊದಲು ಬಾಲ್ಕನಿ ತೋರಿಸಿದಳು, ಆಮೇಲೆ ಖಾಡಿ,
ಆಮೇಲೆ ಕುಂಕುಮ.
ತಿರುಗಿ ಬರುವಾಗ ರಿಕ್ಷಾದಲ್ಲಿ ಯಾರೂ ಮಾತಾಡಲಿಲ್ಲ.
ಠಾಣೆ ಸ್ಟೇಷನ್ ಬರುವ ಹೊತ್ತಿಗೆ ಗುರುಲಿಂಗ
ಫೋನಿನಲ್ಲಿ ವರ್ಷಗಳನ್ನು ಬೆರಳಿಂದ ಎಳೆಯುತ್ತಿದ್ದ:
ಹದಿನೈದು, ಇಪ್ಪತ್ತು...
ಎಳೆದಷ್ಟೂ ಕಂತು ಸಣ್ಣದಾಯಿತು,
ನಾವು ಮುದುಕರಾದೆವು.
ಇಪ್ಪತ್ತೈದಕ್ಕೆ ಇಬ್ಬರೂ ನಕ್ಕೆವು.

ಈಗ ಕಲ್ಯಾಣದಾಚೆ ಹನ್ನೆರಡನೇ ಮಾಳಿಗೆ ನಮ್ಮದು.
ಗೇಟು ಮುಖ ನೋಡಿ ತೆರೆಯುತ್ತದೆ;
ಸೆರಗು ಹೊದ್ದ ಅತ್ತೆಯ ಮುಖ ಅದಕ್ಕೆ ಸಿಗುವುದಿಲ್ಲ,
ವಾಚ್‌ಮನ್ ಎದ್ದು ಬರಬೇಕು.
ಕಳೆದ ಮಂಗಳವಾರ ಮನೆಯ ಫೋನು ಅವರೇ ಎತ್ತಿದರು.
"ನಮಸ್ಕಾರ. ನಿಮ್ಮ ಗೃಹಸಾಲದ ಎರಡು ಕಂತುಗಳು ಬಾಕಿಯಿವೆ."
"ಯಾಕವ್ವಾ, ಧ್ವನಿ ಹಿಂಗ್ಯಾಕ? ಉಂಡಿ ಇಲ್ಲೋ?"
"ಕ್ಷಮಿಸಿ, ನಿಮ್ಮ ಉತ್ತರ ಅರ್ಥವಾಗಲಿಲ್ಲ."
"ಡಬ್ಬಿ ಒಯ್ದಿದ್ದೆಲ್ಲ, ತಿನ್ನಲಿಲ್ಲೇನು?"
"ಮತ್ತೊಮ್ಮೆ ಕೇಳಲು ಒಂಬತ್ತನ್ನು ಒತ್ತಿ."
ರಾತ್ರಿ ತಾಟು ಇಡುತ್ತ ಅಂದರು:
"ಏನರೆ ಅನ್ನು, ಫೋನಿನ್ಯಾಗ ನೀ ಭಾಳ ಮರ್ಯಾದಿಲೆ ಮಾತಾಡ್ತಿ."

ಬಾಕಿ ಎಂಬ ಪದ ನಾನು ಓದಿಕೊಟ್ಟಿರಲಿಲ್ಲ.
ಗೃಹಸಾಲವೂ ಇಲ್ಲ, ಕಾನೂನು ಕ್ರಮವೂ ಇಲ್ಲ.
ಅವಕ್ಕೆ ಹನ್ನೊಂದರಂತೆ ಯಾರೂ ಕೊಟ್ಟಿಲ್ಲ.
ನನ್ನ ಅಂಕಿಗಳನ್ನು ತಿಂದು
ತಾನೇ ಮಾತು ಕಲಿತಿದೆಯಂತೆ;
ದರ್ಶಿಲ್ ಹೇಳಿದ, ಹೆಮ್ಮೆಯಿಂದಲೇ.
ಆಮೇಲೆ ಮೆಲ್ಲಗೆ, ತನಗೂ ಈಗ ಅಲ್ಲಿ ಕೆಲಸವಿಲ್ಲ ಅಂದ.

ಇಂದು ಸಂಜೆ ಏಳು ಹನ್ನೆರಡರ ಲೋಕಲ್.
ಕಳವಾ ದಾಟಿದ ಮೇಲೆ ನನಗೇ ಬಂತು ಕರೆ.
ನಾನು ನನ್ನ ಹೆಸರು ಹಿಡಿದು ಕರೆದೆ.
ತಡಮಾಡಿದರೆ ಏನಾಗುವುದೆಂದು
ನಗುನಗುತ್ತ ನನಗೆ ವಿವರಿಸಿದೆ.
ಒಂಬತ್ತನ್ನು ಒತ್ತಿದೆ.
ಮೂವತ್ತೆಂಟು ಸಾವಿರದ ಮುಂಚೆ ಒಂದು ಉಸಿರು.
ನಾನು ಅಲ್ಲಿ ಉಸಿರೆಳೆಯುವವಳಲ್ಲ.
ಎದೆಯೇ ಇಲ್ಲದ್ದಕ್ಕೆ ಅದು ಯಾಕೆ ಬೇಕಿತ್ತೋ.
ಇನ್ನೊಮ್ಮೆ ಒಂಬತ್ತು.
ಮುಂಬ್ರಾ ಗುಡ್ಡದ ಬುಡದಲ್ಲಿ ಸಿಗ್ನಲ್ ಹೋಯಿತು,
ದನಿ ಲಕ್ಷದ ನಡುವೆ ತುಂಡಾಯಿತು.
"ಕೋಣ್ ಹೋತಂ?" ಅಂದಳು ಪಕ್ಕದ ಮೃಣ್ಮಯೀತಾಯಿ,
ಮಡಿಲ ತುಂಬ ಬಟಾಣಿ ಸುಲಿಯುತ್ತ.
"ರಾಂಗ್ ನಂಬರ್."
ನಂಬಲಿಲ್ಲ. ಅರ್ಧ ರಾಶಿ ನನ್ನ ಓಢಣಿಗೆ ಸುರಿದಳು.
ಉಗುರಿನಿಂದ ಸಿಪ್ಪೆ ಸೀಳಿದೆ.
ಲಾಭ.
ಎರಡು.
ಮೂರನೆಯದರಲ್ಲಿ ಹುಳವಿತ್ತು.