ನಾಲ್ಕು ಕೈ

ಅನೆಸ್ತಿಸ್ ನನ್ನ ಹೊಸಿಲು ತುಳಿದು ಒಂಬತ್ತು ವರ್ಷ.
ಇವತ್ತು ಬಂದ, ಕೋಟನ್ನು ಎದೆಗವಚಿಕೊಂಡು.
ಕೋಟಿನೊಳಗೆ ಏನೋ ಗುರುಗುಟ್ಟುತ್ತಿತ್ತು.
ನನ್ನ ಹೆಸರು ಹಿಡಿದು ಕರೆಯಲಿಲ್ಲ.
"ಬೆಕ್ಕು" ಎಂದ, ಅಷ್ಟೆ.

ಕನೇಲಾ. ದಾಲ್ಚಿನ್ನಿಯ ಬಣ್ಣದವಳು,
ಅದಕ್ಕೇ ಆ ಹೆಸರು.
ಈಗ ಬಣ್ಣವೇ ಇಲ್ಲ.
ಪೈನ್ ಮರದ ರಾಳದ ಚೀಲ ಮಗುಚಿಕೊಂಡು
ಅದರಲ್ಲೇ ಹೊರಳಾಡಿ
ಬೆನ್ನೆಲ್ಲ ಜಿಗುಟು, ಹೊಟ್ಟೆಗೆ ಸೂಜಿ ಎಲೆ,
ಬಾಲಕ್ಕೆ ಒಂದು ಸತ್ತ ಜೇನುನೊಣ.
ಎವಿಯಾದ ಈ ಗುಡ್ಡದಲ್ಲಿ ರಾಳ ಅಂಟದ ಜೀವವಿಲ್ಲ, ನಿಜ.
ನಮ್ಮಪ್ಪ ಸತ್ತಾಗ ಅಂಗೈ ತೊಳೆದು ತೊಳೆದು
ಕೊನೆಗೆ ಹಾಗೇ ಮಣ್ಣಿಗಿಟ್ಟೆವು.
ಆದರೆ ಅಪ್ಪ ತನ್ನ ಮೈ ನೆಕ್ಕಿಕೊಳ್ಳುತ್ತಿರಲಿಲ್ಲ.

ಇನ್ನೊಂದು ಕೈಯಲ್ಲಿ ಟರ್ಪೆಂಟೈನ್ ಶೀಶೆ.
"ಇದನ್ನು ಹಚ್ಚಲೇ?"
ಹಚ್ಚು, ಆಮೇಲೆ ಗುಂಡಿಯನ್ನೂ ನೀನೇ ತೋಡು, ಎಂದೆ.
ಒಂಬತ್ತು ವರ್ಷದಲ್ಲಿ ನಾನಾಡಿದ ಮೊದಲ ಮಾತು.
ಅದೂ ಅದೇ ಮರದ ಕೂಸು, ರಾಳ ಬೇಯಿಸಿ ತೆಗೆದದ್ದು.
ಪಟ್ಟೆಂದು ಬಿಡಿಸೀತು ಅಂಟನ್ನು;
ತೊಗಲನ್ನೂ ಸುಟ್ಟೀತು, ನಾಲಿಗೆಯನ್ನೂ,
ನಾಲಿಗೆಯಿಂದ ಒಳಗಿಳಿದು ಕರುಳನ್ನೂ.
ಸೀಮೆಎಣ್ಣೆ, ಬಣ್ಣ ತೆಗೆಯುವ ನೀರು, ಎಲ್ಲ ಅದೇ ಜಾತಿ.
ಹೊರಗೆ ಹೋಗಿ ಅಂಗಳದ ಕಲ್ಲಿನ ಮೇಲೆ ಶೀಶೆ ಇಟ್ಟುಬಂದ,
ಬೈಸಿಕೊಂಡ ಹುಡುಗನ ಹಾಗೆ.

ಕೂತೆವು. ಬೇರೆ ದಾರಿ ಇರಲಿಲ್ಲ.
ಹಿಡಿಯಲು ಎರಡು ಕೈ, ಉಜ್ಜಲು ಎರಡು,
ಒಬ್ಬರಿಂದಾಗುವ ಕೆಲಸವಲ್ಲ ಇದು.
ಟವೆಲಿನಲ್ಲಿ ಬಾಣಂತಿಯ ಕೂಸಿನಂತೆ ಸುತ್ತಿ
ಬೇಕಾದಷ್ಟೇ ಮೈ ತೆರೆದು
ಅವನ ಮಡಿಲಿಗೆ ಕೊಟ್ಟೆ.
ಆಲಿವ್ ಎಣ್ಣೆ ಈ ವರ್ಷದ್ದೇ ಸುರಿದೆ;
ಕಮಟು ಎಣ್ಣೆ ಕೊಡಲು ಮನಸ್ಸಾಗಲಿಲ್ಲ, ಬೆಕ್ಕಿಗೆ.
ಬೆರಳ ತುದಿ ಅದ್ದಿ, ಕೂದಲ ಎಳೆ ಎಳೆಗೂ,
ಎಳೆಯದೆ, ಅವಸರಿಸದೆ.
ಎಣ್ಣೆಗೆ ಸಮಯ ಕೊಡಬೇಕು.

ಆ ಸಮಯವೆಲ್ಲ ಇಬ್ಬರೂ ಬೆಕ್ಕನ್ನೇ ನೋಡಿದೆವು.
ಕಿಟಕಿಯಲ್ಲಿ ಗಡಿಯ ಪೈನ್ ಮರವಿತ್ತು.
ನನ್ನ ಕಡೆಯ ತೊಗಟೆಗೆ ಕಚ್ಚು ಹಾಕಿ
ಅವನು ಚೀಲ ಕಟ್ಟಿದ ಮರ,
ಕೋರ್ಟಿನವರೆಗೆ ನಡೆದುಹೋದ ಮರ.
ಇದು ಯಾವ ಮರದ ರಾಳ ಅಂತ ನಾನು ಕೇಳಲಿಲ್ಲ.
ಅವನು ಹೇಳಲಿಲ್ಲ.
ಬೆಕ್ಕಿಗೆ ಗೊತ್ತಿತ್ತು.

ರಾಳ ಮೆತ್ತಗಾಗಿ ಪಾಕದ ಹಾಗೆ ಜಾರತೊಡಗಿತು.
ಹಳೆ ಬನಿಯನ್ನಿನ ಚೂರಿನಿಂದ ಒರೆಸಿದೆ,
ಮತ್ತೆ ಎಣ್ಣೆ, ಮತ್ತೆ ಬಟ್ಟೆ.
ಬನಿಯನ್ನು ನನ್ನ ಗಂಡನದು. ಗುರುತು ಹಿಡಿದ.
"ಲಾಂಬ್ರೋಸ್..." ಎಂದು ಶುರು ಮಾಡಿ
ಬೆಕ್ಕಿನ ಕಿವಿ ತುರಿಸಿದ.

ಕಂಕುಳಲ್ಲಿ ಒಂದು ಗಂಟು, ಎಣ್ಣೆಗೂ ಬಗ್ಗದ್ದು.
ಕತ್ತರಿ ತಂದೆ. ಅವನ ಮುಖ ಬಿಳಿಚಿತು.
ಚರ್ಮಕ್ಕೂ ಗಂಟಿಗೂ ನಡುವೆ ಬಾಚಣಿಗೆ ತೂರಿಸಿ
ಬಾಚಣಿಗೆಯ ಮೇಲ್ಗಡೆ ಮಾತ್ರ ಕತ್ತರಿಸಬೇಕು.
ಬೆಕ್ಕಿನ ತೊಗಲು ಈರುಳ್ಳಿ ಸಿಪ್ಪೆ,
ಗಂಟಿನ ಜೊತೆ ತಾನೂ ಎದ್ದು ಬರುತ್ತದೆ,
ಕಣ್ಣಿಗೆ ಗೊತ್ತಾಗುವುದಿಲ್ಲ.
ಎಲ್ಲ ಗಂಟೂ ಬಿಡಿಸಲಿಕ್ಕಲ್ಲ, ಎಂದೆ,
ಕೆಲವನ್ನು ಕತ್ತರಿಸಿ ಬಿಸಾಡಬೇಕು.
ಬೆಕ್ಕಿನ ಬಗ್ಗೆಯೇ ಹೇಳಿದ್ದು.

ಆಮೇಲೆ ಉಗುರುಬೆಚ್ಚಗಿನ ನೀರು, ಪಾತ್ರೆ ಸೋಪಿನ ನಾಲ್ಕು ಹನಿ.
ಕನೇಲಾ ಕೂಗಿದ ಕೂಗಿಗೆ ಬೀದಿಯ ನಾಯಿ ಬಾಲ ಮುದುರಿತು.
ಅನೆಸ್ತಿಸನ ಮುಂಗೈಗೆ ಮೂರು ಗೀರು, ನನಗೆ ಒಂದು.
ಲೆಕ್ಕ ಸರಿಯಾಗಿದೆ ಅನ್ನಿಸಿತು.

ಒಲೆಯ ಪಕ್ಕ ಕೂತು ಒಣಗಿದಳು,
ಅರ್ಧಕ್ಕೆ ಇಳಿದು, ಒಂದು ಕಂಕುಳು ಬೋಳಾಗಿ,
ಇಬ್ಬರನ್ನೂ ಶತ್ರುಗಳಂತೆ ನೋಡುತ್ತ.
ಅವನು ಥ್ಯಾಂಕ್ಸ್ ಹೇಳಲಿಲ್ಲ. ನಾನು ಕಾಫಿಗಿಡಲಿಲ್ಲ.
ಟವೆಲು ಅವನ ಜೊತೆ ಹೋಯಿತು.

ರಾತ್ರಿ ಹಿಟ್ಟು ನಾದುವಾಗ ಬೆರಳಿಗೆ ಬೆರಳು ಅಂಟಿತು;
ಅವಳ ಮೈಯಿಂದ ಬಿಟ್ಟದ್ದೆಲ್ಲ ಇಲ್ಲಿಗೆ ಬಂದಿತ್ತು.
ಎಣ್ಣೆಗೆ ಚಾಚಿದ ಕೈ
ಯಾಕೋ ಹಾಗೇ ನಿಂತಿತು.
ಹೊರಗೆ, ಅಂಗಳದ ಕಲ್ಲಿನ ಮೇಲೆ
ಅವನು ಮರೆತ ಶೀಶೆ.
ನಾಳೆ ಕೇಳಿಕೊಂಡು ಬರಬೇಕು.
ಬರದಿದ್ದರೆ,
ನನ್ನ ಟವೆಲು ಅಲ್ಲಿದೆಯಲ್ಲ.